ನಾಲ್ಕನೆಯ ಕಲ್ಲು

ನಮ್ಮೂರಿನಿಂದ ಗಾಡಿ ಹೊರಗೆ ಹೋಗುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಹೊರಟರೆ ಆಯಿತು. ಒಳಗೆ ಬರಬೇಕಾದರೆ ಮಾತ್ರ ಗಾಡಿಯಲ್ಲಿ ಒಂದಾದರೂ ಸಾಮಾನಿರಬೇಕು, ಆ ಸಾಮಾನಿಗಾಗಿ ಊರಿನಲ್ಲಿ ಯಾರಾದರೂ ಕಾಯುತ್ತಿರಬೇಕು. ಹಾಗಿಲ್ಲದ ಗಾಡಿ ನಾಲ್ಕನೆಯ ಕಿಲೋಮೀಟರ್ ಕಲ್ಲಿನವರೆಗೆ ಬರುತ್ತದೆ. ಅದನ್ನು ದಾಟಿದ ಮೇಲೆ ಮೂರು ಬರಬೇಕಲ್ಲ, ಬರುವುದಿಲ್ಲ. ಮತ್ತೆ ನಾಲ್ಕೇ ಬರುತ್ತದೆ. ಅದನ್ನೂ ದಾಟಿದರೆ ಇನ್ನೊಂದು ನಾಲ್ಕು. ಟ್ಯಾಂಕಿನಲ್ಲಿ ಡೀಸೆಲ್ ಇರುವಷ್ಟು ಹೊತ್ತೂ ನಾಲ್ಕು. ಬಸ್ಸಿಗೆ ಈ ತೊಂದರೆ ಇಲ್ಲ. ಅದರಲ್ಲಿ ಟಪಾಲಿನ ಚೀಲ ಇರುತ್ತದೆ, ಕಾಗದಕ್ಕೆ ಕಾಯುವವರು ಊರಿನಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ. ನಡೆದು ಬರುವವರನ್ನೂ ರಸ್ತೆ ಏನೂ ಕೇಳುವುದಿಲ್ಲ. ಕೈಬೀಸಿಕೊಂಡು ಬರಬಹುದು.

ಇದಕ್ಕೆ ನಾವೆಲ್ಲ ಎಂದೋ ಒಗ್ಗಿಕೊಂಡಿದ್ದೇವೆ. ಬೆಳಿಗ್ಗೆ ಹೊರಡುವ ಮುಂಚೆ ಡ್ರೈವರು ತನ್ನ ಮನೆಯ ಮುಂದೆ ಹಾರ್ನ್ ಹೊಡೆಯುತ್ತಾನೆ, ಒಳಗಿನಿಂದ ಹೆಂಡತಿಯೋ ತಾಯಿಯೋ ಬಂದು ಏನು ತರಬೇಕೆಂದು ಹೇಳುತ್ತಾರೆ. ಇದಕ್ಕೆ ಕೇಳಿಕೆ ಎಂದು ಹೆಸರು. ಡ್ರೈವರಿಗೆ ಹೆಣ್ಣು ನೋಡಲು ಹೋದವರು ಮೊದಲು ವಿಚಾರಿಸುವುದು, ಹುಡುಗಿಗೆ ಆಸೆ ಜಾಸ್ತಿಯೇ ಎಂದು. ಜಾಸ್ತಿ ಎಂದರೆ ಆ ಮನೆಯಲ್ಲಿ ಕಾಫಿ ಕುಡಿಯುತ್ತಾರೆ. ಏನು ಕೊಟ್ಟರೂ ತೃಪ್ತಿಯಾಗಿರುತ್ತಾಳೆ ಎಂದು ಹೊಗಳಿದರೆ ಮೆಲ್ಲಗೆ ಎದ್ದು ಬರುತ್ತಾರೆ.

ನನ್ನ ಹೆಸರು ನರಸಯ್ಯ. ನನ್ನದು ಹಳೆಯ ಡೀಸೆಲ್ ವ್ಯಾನು. ಹಿಂದೆ ಮುಚ್ಚಿದ ಬಾಡಿ, ಪಕ್ಕಕ್ಕೆ ಜಾರುವ ಬಾಗಿಲು. ಆ ಬಾಗಿಲನ್ನು ಸ್ವಲ್ಪ ಮೇಲಕ್ಕೆತ್ತಿ ಎಳೆಯಬೇಕು, ಇಲ್ಲದಿದ್ದರೆ ಹಲ್ಲು ಕಡಿದ ಹಾಗೆ ಸದ್ದು ಮಾಡುತ್ತದೆ. ನಮ್ಮೂರಿನವರು ಹೊಸೆಯುವ ತೆಂಗಿನ ನಾರಿನ ಹಗ್ಗವನ್ನು ನಲವತ್ತು ಕಿಲೋಮೀಟರ್ ದೂರದ ಪೇಟೆಗೆ ಹಾಕಿ ಬರುವುದು ನನ್ನ ಕೆಲಸ. ಅದರ ನಡುನಡುವೆ ಗಾಡಿ ಏನೇನನ್ನು ಹೊತ್ತಿಲ್ಲ. ಮದುವೆಯ ಪಾತ್ರೆ, ಶಾಲೆಯ ಬೆಂಚು, ಕಾಲು ಮುರಿದ ಎಮ್ಮೆಕರು, ಗಮಕಿಗಳ ಶ್ರುತಿಪೆಟ್ಟಿಗೆ, ಹೆರಿಗೆ ನೋವು ಶುರುವಾದ ಇಬ್ಬರು ಹೆಂಗಸರು. ಗಾಡಿಯಲ್ಲಿ ರೇಡಿಯೋ ಇಲ್ಲ. ನನಗೆ ಬೇಕೂ ಇರಲಿಲ್ಲ. ನಮ್ಮಪ್ಪ ಅಕ್ಷರ ಕಲಿತವನಲ್ಲ, ಆದರೂ ಸಂಜೆಯಾದರೆ ನನ್ನ ಕೈಹಿಡಿದು ಮಂಟಪಕ್ಕೆ ಪದ್ಯ ಕೇಳಲು ಕರೆದುಕೊಂಡು ಹೋಗುತ್ತಿದ್ದ. ಗಮಕಿಗಳು ಓದುವಾಗ ಕೆಮ್ಮು ಬಂದರೂ ಹೊರಗೆ ಹೋಗಿ ಕೆಮ್ಮಿ ಬರಬೇಕು ಎನ್ನುತ್ತಿದ್ದ. ಅಲ್ಲಿ ಕಲಿತದ್ದು ಒಂದೇ, ಬಾಯಿ ಮುಚ್ಚಿಕೊಂಡು ಕೂರುವುದು. ಎಂಜಿನ್ ಒಂದೇ ಶ್ರುತಿ ಹಿಡಿದು ಓಡುವಾಗ ನನ್ನೊಳಗೆ ಯಾವುದಾದರೂ ಪದ್ಯ ತಾನಾಗಿ ಎದ್ದು ಬರುತ್ತಿತ್ತು. ಅದನ್ನೂ ನಾನು ಹಾಡುತ್ತಿರಲಿಲ್ಲ, ಕೇಳುತ್ತಿದ್ದೆ ಅಷ್ಟೆ.

ನನ್ನ ಹೆಂಡತಿ ಅಲಮೇಲುವಿಗೆ ದಿನಾ ಏನಾದರೊಂದು ಬೇಕಿತ್ತು. ಒಂದು ದಿನ ಉಪ್ಪು, ಒಂದು ದಿನ ಸಾಸಿವೆ, ಒಂದು ದಿನ ಸೂಜಿ, ಮರುದಿನ ಮತ್ತೆ ಉಪ್ಪು.

"ಮೊನ್ನೆ ತಾನೆ ಎರಡು ಸೇರು ತಂದೆನಲ್ಲೇ. ಏನು ಮಾಡಿದೆ ಅದನ್ನ?"

"ನುಂಗ್ದೆ. ಇನ್ನೆರಡು ಸೇರು ತನ್ನಿ."

"ಉಪ್ಪು ನುಂಗಿದರೆ ನೀರು ಕುಡೀಬೇಕಾಗುತ್ತೆ."

"ಬಾವೀಲಿ ಇದೆ, ಕುಡೀತೀನಿ. ನೀವು ಹೊರಡಿ, ಬಿಸಿಲೇರುತ್ತೆ."

ಅವಳ ಕೈ ಬಿಗಿಯಿಲ್ಲ, ಸಂಸಾರದಲ್ಲಿ ಹಿಡಿತವಿಲ್ಲ ಎಂದು ನಾನು ಸ್ಟ್ಯಾಂಡಿನಲ್ಲಿ ಬೇರೆ ಡ್ರೈವರುಗಳ ಮುಂದೆ ಹೇಳಿಕೊಂಡದ್ದುಂಟು. ಅವರು ನನ್ನನ್ನು ಅದೃಷ್ಟವಂತ ಎನ್ನುತ್ತಿದ್ದರು. ಮೂವತ್ತೊಂದು ವರ್ಷ ಒಂದು ದಿನವೂ ನನಗೆ ನಾಲ್ಕನೆಯ ಕಲ್ಲು ಎರಡು ಸಲ ಕಾಣಿಸಲಿಲ್ಲ. ಹೋದ ವರ್ಷದ ಹಿಂದಿನ ಮಾಘದಲ್ಲಿ ಅಲಮೇಲು ತೀರಿಕೊಂಡಳು. ಮಕ್ಕಳಿರಲಿಲ್ಲ.

ಹದಿನಾಲ್ಕನೆಯ ದಿನ ಮತ್ತೆ ಗಾಡಿ ತೆಗೆದಾಗ ನಮ್ಮ ಬೀದಿಯವರು ತಾವೇ ಮುಂದೆ ಬಂದು ಸರದಿಯ ಮೇಲೆ ಕೇಳಿಕೆ ಹೇಳಿದರು. ಮೊದಮೊದಲು ನಿಜವಾಗಿ ಬೇಕಾದದ್ದನ್ನೇ ಹೇಳುತ್ತಿದ್ದರು. ಬರುಬರುತ್ತಾ ತಡಕಾಡತೊಡಗಿದರು. ಅವರ ತಪ್ಪಲ್ಲ. ಈಗ ಊರಿನ ಅಂಗಡಿಗಳಲ್ಲಿ ಎಲ್ಲವೂ ಸಿಗುತ್ತದೆ, ಅಂಗಡಿಯವರದ್ದೇ ಹೊಸ ವ್ಯಾನುಗಳಿವೆ, ಅವುಗಳಿಗೆ ಗಿರಾಕಿಗಳು ಕಾಯುತ್ತಾರೆ. ನಾನು ಬೆಳಿಗ್ಗೆ ಬಾಗಿಲು ಬಾಗಿಲಿಗೆ ಹೋಗಿ "ಏನಾದ್ರೂ ಬೇಕಿತ್ತಾ" ಎಂದರೆ, "ಯಾಕಣ್ಣ, ಎಲ್ಲಾ ಇಲ್ಲೇ ಸಿಗುತ್ತಲ್ಲ" ಎನ್ನುವರು. ಆಮೇಲೆ ಯಾರ ಹತ್ತಿರ ಮಾತಾಡುತ್ತಿದ್ದೇವೆಂದು ನೆನಪಾಗಿ ನಾಲಿಗೆ ಕಚ್ಚಿಕೊಂಡು ಒಳಗೆ ಕಣ್ಣಾಡಿಸುವರು. ಇಲ್ಲದ್ದು ಏನಾದರೂ ಇದೆಯೇ ಎಂದು ತಮ್ಮದೇ ಮನೆಯಲ್ಲಿ ಹುಡುಕುವರು. ಭಿಕ್ಷೆ ಬೇಡುವವನಿಗೆ ಇರುವುದನ್ನು ಕೊಟ್ಟರೆ ಸಾಕು. ನಾನು ಅವರಲ್ಲಿ ಇಲ್ಲದ್ದನ್ನು ಬೇಡುತ್ತಿದ್ದೆ.

ಹೀಗೆ ಒಂದು ದಿನ ಪಕ್ಕದ ಮನೆಯ ಸಾಕಮ್ಮನ ಸರದಿ ಬಂತು. ಅವಳು ಯೋಚಿಸಿ ಇಟ್ಟುಕೊಂಡಿದ್ದಳು.

"ನರಸಣ್ಣ, ಶಾವಿಗೆ ಒರಳು ತಗೊಂಬಾ. ನಮ್ಮದರ ತಿರುಪು ಸವೆದೋಗಿದೆ. ಭಾಗ್ಯ ಅಳಿಯನ್ನ ಕರ್ಕೊಂಡು ಬತ್ತಾ ಇದಾಳೆ, ನಾಳೆಗೆ ಶಾವಿಗೆ ಒತ್ಬೇಕು."

"ಹಿತ್ತಾಳೇದಾ, ಮರದ್ದಾ?"

"ಹಿತ್ತಾಳೇದೇ ತಾ. ಬೇಗ ಬಾ ಮತ್ತೆ, ಕಾಯ್ತಿರ್ತೀನಿ."

ಕಾಯ್ತಿರ್ತೀನಿ ಎಂದು ಬಾಯಿಬಿಟ್ಟು ಹೇಳುವುದು ನಮ್ಮಲ್ಲಿ ದೊಡ್ಡ ಮಾತು. ನಾನು ಸಂತೋಷದಿಂದಲೇ ಹೋದೆ. ಹಗ್ಗ ಇಳಿಸಿ, ಗಟ್ಟಿಯಾದ ಒಂದು ಒರಳನ್ನು ಆರಿಸಿ, ಗೋಣಿಯಲ್ಲಿ ಸುತ್ತಿ ಹಿಂದೆ ಇಟ್ಟುಕೊಂಡು ಹೊರಟೆ. ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಐದನೆಯ ಕಲ್ಲು ದಾಟಿತು, ನಾಲ್ಕು ದಾಟಿತು. ಆಮೇಲೆ ಎಡಗಡೆ ಬೇಲದ ಮರ, ಮುರಿದ ಮೋರಿ, ಅದರಾಚೆ ಮತ್ತೆ ನಾಲ್ಕು.

ಕಣ್ಣು ತಪ್ಪಿರಬೇಕು ಎಂದುಕೊಂಡು ಮುಂದೆ ಹೋದೆ. ಬೇಲದ ಮರ, ಮೋರಿ, ನಾಲ್ಕು. ಗಾಡಿ ನಿಲ್ಲಿಸಿ ಹಿಂದೆ ಹೋಗಿ ನೋಡಿದೆ. ಒರಳು ಗೋಣಿಯೊಳಗೆ ಹಾಗೆಯೇ ಇತ್ತು. ಮತ್ತೆ ಹತ್ತಿ ಹೊರಟೆ. ಐದು ಸಲ ನಾಲ್ಕು ಬಂದ ಮೇಲೆ ಗಾಡಿಯನ್ನು ರಸ್ತೆಯಿಂದ ಪಕ್ಕಕ್ಕೆ ಇಳಿಸಿದೆ.

ಆ ಕಲ್ಲಿನ ಪಕ್ಕದ ಬಯಲಿನಲ್ಲಿ ಒಂಬತ್ತು ವ್ಯಾನುಗಳು ಸಾಲಾಗಿ ನಿಂತಿವೆ. ಒಡೆಯರು ಬಿಟ್ಟು ನಡೆದು ಹೋದ ಗಾಡಿಗಳು. ಕೆಲವಕ್ಕೆ ಚಕ್ರವಿಲ್ಲ, ಒಂದರ ಬಾನೆಟ್ಟಿನೊಳಗಿನಿಂದ ಎಕ್ಕದ ಗಿಡ ಎದ್ದಿದೆ. ನಿಂತ ಗಾಡಿ ಬೇಗ ಮಣ್ಣಾಗುತ್ತದೆ. ಮೂವತ್ತೊಂದು ವರ್ಷವೂ ಅವುಗಳನ್ನು ನೋಡಿದಾಗ ನಾನು ಮುಖ ತಿರುಗಿಸಿಕೊಂಡು ಬಂದಿದ್ದೆ. ಈಗ ನನ್ನದು ಹತ್ತನೆಯದು.

ಸಾಲಿನ ಕೊನೆಯ ಗಾಡಿಯಿಂದ ಒಬ್ಬ ಮುದುಕ ಇಳಿದು ಬಂದ. ಹೆಗಲ ಮೇಲೆ ಟವೆಲು, ಬಿಳಿ ಗಡ್ಡ. ಬುಡನ್ ಸಾಬ್. ಒಂದು ಕಾಲದಲ್ಲಿ ನಮ್ಮ ಸ್ಟ್ಯಾಂಡಿನಲ್ಲೇ ಇದ್ದ ಡ್ರೈವರು. ಹನ್ನೊಂದು ವರ್ಷದಿಂದ ಅಲ್ಲೇ, ಓಡದ ತನ್ನ ವ್ಯಾನಿನೊಳಗೆ ಸಂಸಾರ ಹೂಡಿದ್ದಾನೆ. ದಾರಿಹೋಕರ ಸೈಕಲ್ಲಿಗೆ ಪಂಕ್ಚರ್ ಹಾಕಿ ಜೀವನ.

"ಬಂದ್ ಮಾಡು ನರಸಣ್ಣ, ಬಂದ್ ಮಾಡು. ಡೀಸೆಲ್ ತಳ ಮುಟ್ಟಿದ್ರೆ ಏರ್ ಹಿಡಿಯುತ್ತೆ. ಆಮೇಲೆ ಪಂಪ್ ಹೊಡೆದು ಹೊಡೆದು ನಿನ್ನ ಹೆಬ್ಬೆರಳು ಹೋಗುತ್ತೆ."

ಎಂಜಿನ್ ನಿಲ್ಲಿಸಿದೆ. ಅಷ್ಟು ಹೊತ್ತು ತುಂಬಿದ್ದ ಕಿವಿ ಒಮ್ಮೆಗೇ ಬರಿದಾಯಿತು.

"ಎಷ್ಟು ಸಲ ಬಂತು?"

"ಐದು."

"ನಾನು ಆ ದಿನ ಇಪ್ಪತ್ತಮೂರು ಎಣಿಸ್ದೆ. ಹಟ." ಅವನು ಟವೆಲು ಹಾಸಿ ಮೋರಿಯ ಮೇಲೆ ಕೂತ. "ಒಳಗೇನಿದೆ?"

"ಶಾವಿಗೆ ಒರಳು. ಸಾಕಮ್ಮಂಗೆ."

"ಹಂಗಾದ್ರೆ ಸಾಕಮ್ಮಂಗೆ ಬೇಡ ಆಗಿದೆ. ಅಷ್ಟೇನೆ. ಆಯಮ್ಮಂಗೆ ಏನೂ ಆಗಿರಲ್ಲ, ಹೆದರಬೇಡ." ಅವನು ತನ್ನ ಗಾಡಿಯ ಕಡೆ ಕೈ ತೋರಿಸಿದ. "ನಾನು ನಮ್ಮಕ್ಕಂಗೆ ಅಂತ ಮಂಚ ತರ್ತಾ ಇದ್ದೆ. ಕಲ್ಲು ಎರಡನೇ ಸಲ ಬಂದಾಗ್ಲೇ ಗೊತ್ತಾಯ್ತು, ಅಕ್ಕ ಹೋದ್ಲು ಅಂತ. ಇಪ್ಪತ್ತಮೂರು ಸಲ ಯಾಕೆ ಓಡಿಸ್ದೆ ಅಂದ್ರೆ, ನಿಲ್ಲಿಸಿದ್ರೆ ಅದು ನಿಜ ಆಗುತ್ತಲ್ಲ."

ಮಂಟಪದಲ್ಲಿ ಕೂರುವ ಹಾಗೆ ಅವನ ಪಕ್ಕದಲ್ಲಿ ಕೂತೆ. ನನಗೆ ಗೊತ್ತಿದ್ದದ್ದು ಅದೊಂದೇ.

"ನಡ್ಕೊಂಡು ಊರಿಗೆ ಬರಬಹುದಿತ್ತಲ್ಲ ನೀನು," ಎಂದೆ ಕೊನೆಗೆ.

"ಯಾರ ಮನೆಗೆ? ಅಕ್ಕನ ಮನೇಲಿ ಬೇರೆಯವರು ಬಂದರಂತೆ. ಡ್ರೈವರಾಗಿ ಹೊರಟೋನು ನಾನು. ಸೀಟಿನ ಮೇಲೆ ಕೂತು ಬಂದರೆ ಬಂದೆ, ಇಲ್ಲದಿದ್ದರೆ ಇಲ್ಲ. ನೀನು ಹೋಗು, ನಿನ್ನ ಗಾಡಿ ನಾನು ನೋಡ್ಕೋತೀನಿ. ಟೈರ್ ಕದಿಯೋರು ಬಂದ್ರೆ ಬೈತೀನಿ. ಬೈಯೋಕೆ ಚೆನ್ನಾಗಿ ಬರುತ್ತೆ ನನಗೆ."

ಒರಳನ್ನು ಹೆಗಲಿಗೇರಿಸಿಕೊಂಡು ನಾಲ್ಕು ಕಿಲೋಮೀಟರ್ ನಡೆದೆ. ಮೂರು, ಎರಡು, ಒಂದು, ಎಲ್ಲವೂ ಸರಿಯಾಗಿ ಬಂದವು. ಸಾಕಮ್ಮ ಬಾಗಿಲಲ್ಲೇ ನಿಂತಿದ್ದಳು. ನನ್ನನ್ನು ನೋಡಿದ್ದೇ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

"ತಪ್ಪಾಗೋಯ್ತು ಕಣಣ್ಣ. ಭಾಗ್ಯ ಬರುವಾಗ ತಾನೇ ಒಂದು ಒರಳು ತಂದ್ಬಿಟ್ಟಳು. ಗಾಡಿ ದಾರೀಲಿದೆ ಅನ್ನೋದು ಮರ್ತು, ಅಯ್ಯೋ ಚೆನ್ನಾಗಿದೆ ಕಣೇ ಅಂದ್ಬಿಟ್ಟೆ. ಆಮೇಲೆ ನೆನಪಾಗಿ ಅದನ್ನ ಅಟ್ಟದ ಮೇಲೆ ಬಚ್ಚಿಟ್ಟು ಇಲ್ಲ ಇಲ್ಲ ಅಂದ್ಕೊಂಡು ಕೂತೆ. ಎಲ್ಲಿಟ್ಟಿದೀನಿ ಅಂತ ನಂಗೇ ಗೊತ್ತಲ್ಲ."

"ಹೋಗ್ಲಿ ಬಿಡಮ್ಮ. ಎರಡಿದ್ರೆ ಎರಡು."

ಅವಳು ನನ್ನನ್ನು ಕೂರಿಸಿ ನೀರು ಕೊಟ್ಟಳು. ಕಣ್ಣೊರೆಸಿಕೊಳ್ಳುತ್ತಾ, "ಅಲಮೇಲಕ್ಕನ ಹಂಗೆ ನನಗೆ ಬರಲ್ಲ," ಎಂದಳು.

"ಅವಳ ಹಂಗೆ ಅಂದ್ರೆ?"

"ನಿನಗೆ ಗೊತ್ತಿಲ್ವಾ?" ಸಾಕಮ್ಮ ನನ್ನ ಮುಖ ನೋಡಿದಳು. "ನೀನು ಅತ್ಲಾಗೆ ಹೋಗ್ತಿದ್ದಂಗೆ ಉಪ್ಪಿನ ಮಡಕೆ ತಂದು ನನ್ನ ಡಬ್ಬಕ್ಕೆ ಸುರಿಯೋಳು. ತಳ ತಟ್ಟಿ ಸುರಿಯೋಳು. ಒಂದಿನ ಸಾಸಿವೆ, ಒಂದಿನ ಸೀಗೇಪುಡಿ. ಬೀದೀಲಿ ಎಲ್ಲರ ಮನೇಗೂ ಕೊಟ್ಟಿದಾಳೆ. ಯಾಕಕ್ಕ ಅಂದ್ರೆ, ಸುಮ್ನೆ ಬಾಯಲ್ಲಿ ಕೇಳಿದ್ರೆ ಅವರು ಬರಲ್ಲ ಕಣೇ, ಕೇಳಿದ್ದು ನಿಜವಾಗ್ಲೂ ಮನೇಲಿ ಇರಬಾರದು ಅನ್ನೋಳು. ಮಧ್ಯಾಹ್ನ ಸಪ್ಪೆ ಅನ್ನ ಉಣ್ಣೋಳು ಅಣ್ಣ. ನಾನು ಕೊಟ್ಟರೂ ಒಂದು ಹರಳು ಉಪ್ಪು ಮುಟ್ತಿರಲಿಲ್ಲ."

ನನ್ನ ಕೈಯಲ್ಲಿದ್ದ ಲೋಟವನ್ನು ಅವಳೇ ತೆಗೆದುಕೊಂಡು ಕೆಳಗಿಟ್ಟಳು.

"ನಾನೂ ನಾಳೆ ಉಪ್ಪು ಚೆಲ್ಲಿಬಿಡ್ತಿದ್ದೆ," ಎಂದಳು. "ಆದ್ರೆ ಮನೇಲಿ ಮಗಳು ಅಳಿಯ ಇದಾರೆ. ಇಲ್ಲ ಅಂದ್ರೆ ಅಂಗಡಿಗೆ ಓಡ್ತಾರೆ."

ಸಂಜೆ ಮಂಟಪಕ್ಕೆ ಹೋದೆ. ವನವಾಸಕ್ಕೆ ಹೊರಟವರ ಭಾಗವನ್ನು ಓದುತ್ತಿದ್ದರು. ಕಾಡು, ನದಿ, ಕಲ್ಲುಮುಳ್ಳು, ಹೋದವರ ಒಂದೊಂದು ಹೆಜ್ಜೆಗೂ ಒಂದೊಂದು ಪದ್ಯ. ಹಿಂದೆ ಉಳಿದವರಿಗೆ ಎರಡೇ ಪದ್ಯ. ಚಿಕ್ಕಂದಿನಿಂದ ಎಷ್ಟು ಸಲ ಕೇಳಿದ್ದೆನೋ, ಆ ಎರಡು ಪದ್ಯಗಳ ಹೊತ್ತಿಗೆ ನಾನು ಸಾಮಾನ್ಯವಾಗಿ ಕಾಲು ಬದಲಾಯಿಸಿ ಕೂರುತ್ತಿದ್ದೆ. ಆ ದಿನ ಕದಲಲಿಲ್ಲ.

ಬೆಳಿಗ್ಗೆ ಮನೆಗೆ ಬೀಗ ಹಾಕಿ ಬೀಗದಕೈಯನ್ನು ಜೇಬಿಗೆ ಹಾಕಿಕೊಂಡಾಗ ದಾರಿ ಹೊಳೆಯಿತು. ಕಾಯುವವನೇ ಗಾಡಿಯಲ್ಲಿ ಕೂತರೆ ನಡೆಯುವುದಿಲ್ಲ, ಓಡಿಸುವವನು ಬೇರೆಯಾಗಬೇಕು. ಸ್ಟ್ಯಾಂಡಿನಲ್ಲಿ ಯಾರನ್ನು ಕರೆದರೂ ಬರುತ್ತಿದ್ದರು. ಕರೆಯಲಿಲ್ಲ. ನಾಲ್ಕನೆಯ ಕಲ್ಲಿಗೆ ನಡೆದೆ. ಬುಡನ್ ಸಾಬ್ ನನ್ನ ಗಾಡಿಯ ಗಾಜು ಒರೆಸುತ್ತಿದ್ದ.

"ನೀನು ಗಾಡಿ ತಗೊಂಡು ಬಾ," ಎಂದೆ. "ನಾನು ಮನೇ ಹತ್ರ ಕಾಯ್ತಿರ್ತೀನಿ."

ಅವನು ನಕ್ಕ. "ನನಗೋಸ್ಕರ ಅಯ್ಯೋ ಪಾಪ ಅಂತ ಕಾಯ್ತೀಯ. ಅದು ಈ ರಸ್ತೆಗೆ ಹಿಡಿಸಲ್ಲ, ನಿನಗೂ ಗೊತ್ತು."

ನಾನು ನಮ್ಮ ಮನೆಯ ಬೀಗದಕೈಯನ್ನು ಅವನ ಅಂಗೈಯಲ್ಲಿಟ್ಟೆ.

ಅವನು ಅದನ್ನು ತಿರುಗಿಸಿ ನೋಡಿದ. "ಇನ್ನೊಂದು ಇಲ್ವಾ?"

"ಅಲಮೇಲು ಸೆರಗಿನ ಗಂಟಲ್ಲಿತ್ತು. ಕೊನೇ ದಿನ ಬಿಚ್ಚೋಕೆ ಯಾರಿಗೂ ನೆನಪಾಗಲಿಲ್ಲ, ಅವಳ ಜೊತೇಲೇ ಹೋಯ್ತು."

"ಹುಚ್ಚ ನೀನು. ಹನ್ನೊಂದು ವರ್ಷ ಆಯ್ತು ಕ್ಲಚ್ ತುಳಿದು. ನಾಲ್ಕೇ ಬಂದ್ರೆ ಏನ್ಮಾಡ್ತೀಯ? ನಿನ್ನ ಗಾಡೀನೂ ಹೋಯ್ತು, ಮನೇನೂ ಹೋಯ್ತು."

"ಬಾಗಿಲು ಮೇಲಕ್ಕೆತ್ತಿ ಎಳೀಬೇಕು. ಬೆಳಿಗ್ಗೆ ಹೀಟರ್ ಚೆನ್ನಾಗಿ ಕಾಯಿಸಿ ಆಮೇಲೆ ಸೆಲ್ಫ್ ಹೊಡಿ," ಎಂದು ಹೇಳಿ ತಿರುಗಿದೆ. ಅವನು ಹಿಂದಿನಿಂದ ಕೂಗಿ ಕೇಳಿದ, "ಮೂರನೇ ಕಲ್ಲು ಹೆಂಗಿದೆ ಈಗ?"

"ಬಣ್ಣ ಹೊಡೆದಿದಾರೆ," ಎಂದೆ.

ಹತ್ತು ಗಂಟೆಗೆ ನಮ್ಮ ಮನೆಯ ಜಗುಲಿಯ ಮೇಲೆ ಕೂತೆ. ಅವನು ಬರುವುದಿದ್ದರೆ ಹತ್ತು ನಿಮಿಷದ ದಾರಿ. ಹನ್ನೊಂದಾಯಿತು. ಹನ್ನೆರಡಾಯಿತು. ಬೀದಿಯ ಜನ ಹೋಗುತ್ತಾ ಬರುತ್ತಾ ನಿಂತರು.

"ಯಾಕಣ್ಣ, ಹೊರಗೆ ಕೂತಿದೀಯ?"

"ಬೀಗದಕೈ ಬರ್ತಾ ಇದೆ."

"ಎಲ್ಲಿಂದ?"

"ನಾಲ್ಕನೇ ಕಲ್ಲಿಂದ."

ಕೇಳಿದವರು ರಸ್ತೆಯ ಕಡೆ ಒಮ್ಮೆ ನೋಡಿ ಹೋದರು. ಒಂದು ಗಂಟೆಗೆ ಸಾಕಮ್ಮ ತಟ್ಟೆಯಲ್ಲಿ ಶಾವಿಗೆ, ಚೊಂಬಿನಲ್ಲಿ ನೀರು ತಂದಿಟ್ಟಳು. ಬೇಡವೆಂದೆ. ಉಂಡು ನೀರು ಕುಡಿದರೆ ಒಳಗೆ ಹೋಗುವ ಅವಸರ ಅಷ್ಟು ಕಡಿಮೆಯಾಗುತ್ತದೆ. ಅವಳಿಗೆ ಅರ್ಥವಾಯಿತು, ಎತ್ತಿಕೊಂಡು ಹೋದಳು. ಮೂರು ಗಂಟೆಗೆ ಅವಳ ಅಳಿಯ ಸುತ್ತಿಗೆ ಹಿಡಿದು ಬಂದ. "ಎರಡೇ ಏಟು ಮಾವ, ಬೀಗ ಬಿದ್ದೋಗುತ್ತೆ." ಅವನನ್ನೂ ಕಳಿಸಿದೆ.

ಕೂತು ಕೂತು ನನಗೆ ಒಂದು ಅನುಮಾನ ಹತ್ತಿತು. ನಾನು ಕಾಯುತ್ತಿರುವುದು ಏನನ್ನು? ಬುಡನ್ ಸಾಬ್ ಸೀಟಿನ ಮೇಲೆ ಕೂತು ಊರಿಗೆ ಬರಲಿ, ಹನ್ನೊಂದು ವರ್ಷದ ಅವನ ಹಟ ನೆರವೇರಲಿ ಎಂದು. ಬೆಳಿಗ್ಗೆಯಿಂದ ನನ್ನ ತಲೆಯಲ್ಲಿ ಇದ್ದದ್ದು ಇಷ್ಟೆ. ಅಂದರೆ ಅವನು ಹೇಳಿದ ಅಯ್ಯೋ ಪಾಪವೇ. ಅಲ್ಲಿ ಅವನಿಗೆ ಬೇಲದ ಮರ, ಮೋರಿ, ನಾಲ್ಕು, ಬೇಲದ ಮರ, ಮೋರಿ, ನಾಲ್ಕು ಬರುತ್ತಿರಬೇಕು. ಡೀಸೆಲ್ ಎಷ್ಟಿತ್ತು ಎಂದು ಲೆಕ್ಕ ಹಾಕಿದೆ. ಹೆಚ್ಚಿರಲಿಲ್ಲ. ಬೀಗದಕೈ ಬೇಕು, ಬೀಗದಕೈ ಬೇಕು ಎಂದು ಮನಸ್ಸಿನಲ್ಲಿ ಹೇಳಿಕೊಂಡೆ. ಸಾಕಮ್ಮ ಅಟ್ಟದ ಕೆಳಗೆ ಕೂತು ಹೇಳಿಕೊಂಡ ಹಾಗೆಯೇ ಇತ್ತು.

ಬಿಸಿಲು ಎದುರುಮನೆಯ ಗೋಡೆ ಹತ್ತಿತು. ಬಾಯಿ ಒಣಗಿ ಅಂಟಿಕೊಂಡಿತ್ತು. ಹಸು ಕರೆಯುವ ಸದ್ದು, ಬೀದಿಗೆ ನೀರು ಚಿಮುಕಿಸುವ ಸದ್ದು. ಅಷ್ಟರಲ್ಲಿ ಎದುರುಮನೆಯಲ್ಲಿ ದೀಪ ಹಚ್ಚಿದರು. ನಾನು ಎದ್ದೆ. ದಿನಾ ಆ ಹೊತ್ತಿಗೆ ಕಾಲು ತಾನಾಗಿ ಏಳುತ್ತದೆ, ಕೈಕಾಲು ತೊಳೆದು ದೇವರ ಮುಂದೆ ದೀಪ ಹಚ್ಚಬೇಕು. ಅಲಮೇಲು ಹೋದಾಗಿನ ಸೂತಕದ ದಿನಗಳನ್ನು ಬಿಟ್ಟರೆ ನಮ್ಮ ಮನೆಯಲ್ಲಿ ಅದು ತಪ್ಪಿದ್ದಿಲ್ಲ. ಬಾಗಿಲಿಗೆ ಕೈ ಹಾಕಿದೆ. ಬೀಗ. ಒಳಗೆ ದೇವರು ಕತ್ತಲೆಯಲ್ಲಿ ಕೂತಿದ್ದಾನೆ, ಹಣತೆಗೆ ಬೆಳಿಗ್ಗೆಯೇ ಎಣ್ಣೆ ಹಾಕಿಟ್ಟಿದ್ದೇನೆ, ಬತ್ತಿ ಇದೆ, ಬೆಂಕಿಪೆಟ್ಟಿಗೆ ಗೂಡಿನಲ್ಲಿದೆ, ನಾನು ಹೊರಗೆ ನಿಂತಿದ್ದೇನೆ. ಬೀಗವನ್ನು ಹಿಡಿದು ಅಲುಗಾಡಿಸಿದೆ. ಎಲ್ಲಿ ಹಾಳಾಗಿ ಹೋದ ಈ ಮನುಷ್ಯ, ಒಂದು ಕೆಲಸ ಹೇಳಿದರೆ ಮಾಡಲು ಆಗುವುದಿಲ್ಲವೆ, ಹೊತ್ತು ಗೊತ್ತು ಇಲ್ಲವೆ ಎಂದು ಬಾಯಿಬಿಟ್ಟು ಬೈದೆ. ಅವನ ಹನ್ನೊಂದು ವರ್ಷ, ಅವನ ಅಕ್ಕ, ಅವನ ಮಂಚ, ಯಾವುದೂ ನನಗೆ ನೆನಪಿರಲಿಲ್ಲ. ಬಾಗಿಲು ತೆರೆಯಬೇಕಿತ್ತು ಅಷ್ಟೆ.

ಆಗ ಕೇಳಿಸಿತು. ದೂರದಲ್ಲಿ, ಕೆರೆಯ ಏರಿಯ ಕಡೆಯಿಂದ, ತಗ್ಗಿದ ದನಿಯಲ್ಲಿ ಒಂದೇ ಸಮನೆ. ಮೊದಲು ಯಾವ ಗಾಡಿಯೆಂದು ಗುರುತು ಹತ್ತಲಿಲ್ಲ. ಇಷ್ಟು ವರ್ಷ ನಾನು ಅದರ ಒಳಗೆ ಕೂತಿದ್ದೆ, ಅದು ಬರುವುದನ್ನು ಹೊರಗೆ ನಿಂತು ಒಂದು ದಿನವೂ ಕೇಳಿರಲಿಲ್ಲ. ಮಂಟಪದ ಏರಿನಲ್ಲಿ ಗೇರು ಇಳಿಸಿದಾಗ ಸ್ವರ ಒಡೆಯಿತು, ತಡವರಿಸಿತು, ಮತ್ತೆ ಕೂಡಿಕೊಂಡಿತು. ತಿರುವಿನಲ್ಲಿ ಸ್ವಲ್ಪ ಮಂಕಾಯಿತು. ಆಮೇಲೆ ನಮ್ಮ ಬೀದಿಯ ಗೋಡೆಗಳೊಳಗೆ ತುಂಬಿಕೊಂಡು, ಕಾಲಕೆಳಗಿನ ಕಲ್ಲು ಸಣ್ಣಗೆ ನಡುಗುವಂತೆ ಹತ್ತಿರವಾಯಿತು. ಸಪ್ಪೆ ಅನ್ನ ಉಂಡು, ಹಗಲೆಲ್ಲ ಬೈದುಕೊಂಡು, ಅಲಮೇಲು ಪ್ರತಿ ಸಂಜೆ ಕೇಳುತ್ತಿದ್ದದ್ದು ಇದನ್ನೇ. ನಾನು ಬೀಗದ ಮೇಲಿನ ಕೈ ತೆಗೆಯದೆ ಪೂರ್ತಿ ಕೇಳಿದೆ.